ಅಂಗಡಿ ಟ್ಯಾಂಕಲ್ಲಿ ಮೀನು ಜಗಳ ಆಡ್ತಿಲ್ವಲ್ಲ ಅಂತಾನೆ, ಆ ಸಾಕುಮೀನಿನ ಅಂಗಡಿಯವನು!

ಕವರಿಗೆ ಆಕ್ಸಿಜನ್ ತುಂಬಿಸಿ, ರಬ್ಬರ್ ಬ್ಯಾಂಡ್ ಬಿಗಿದು, ಮಗುವಿನ ಜೊತೆ ಬಂದಿದ್ದ ಒಬ್ಬ ಅಪ್ಪನಿಗೆ ಕೊಟ್ಟೇಬಿಟ್ಟ. ಮೂರು ಡೊಮಿನೊ, ಎರಡು ನೆಮೊ (ಕ್ಲೌನ್‌ಫಿಶ್), ಒಂದು ಡೋರಿ (ಬ್ಲೂ ಟ್ಯಾಂಗ್), ಒಂದು ಮ್ಯಾಂಡರಿನ್, ಎಲ್ಲವೂ ಸಮುದ್ರದ ಮೀನು. ಅವರ ಎರಡೂವರೆ ಅಡಿ ಟ್ಯಾಂಕಿಗೆ! ಅದೂ ಭಾನುವಾರ ನೀರು ತುಂಬಿಸಿದ್ದಂತೆ, ಇವತ್ತು ಬುಧವಾರ. ಮನೆಗೆ ಬಂದಾಗಿನಿಂದ ನನಗೆ ಊಟ ಸೇರುತ್ತಿಲ್ಲ.

ನಾನು ಹೇಳಿದ್ದು ಒಂದೇ ಮಾತು. "ಸಾರ್, ಡೊಮಿನೊ ಬೇಡ, ನೆಮೊ ಜೊತೆ ಹೊಂದಲ್ಲ" ಅಂತ ಆ ಮಗುವಿನ ಅಪ್ಪನಿಗೆ, ಮೆತ್ತಗೆ. ಅಂಗಡಿಯವನು ಬಲೆ ಕೆಳಗಿಟ್ಟ. "ನೀವೇನು ಮೀನು ಮಾರ್ತೀರಾ ಸಾರ್?" ಅಂದ. ಆಮೇಲೆ ಅಂಗಡಿಗೆಲ್ಲ ಕೇಳೋ ಹಾಗೆ, "ಇಲ್ಲಿ ನೋಡಿ, ಒಂದೇ ಟ್ಯಾಂಕಲ್ಲಿ ನಲವತ್ತು ಮೀನಿವೆ. ಒಂದಾದ್ರೂ ಕಚ್ಚಾಡ್ತಿದೆಯಾ? ತೋರಿಸಿ!" ಎಲ್ಲರೂ ತಿರುಗಿ ನನ್ನನ್ನೇ ನೋಡಿದರು. ನನ್ನ ಬೆರಳು ಇನ್ನೂ ಗಾಜಿನ ಮೇಲೇ ಇತ್ತು. ಅದರಾಚೆ ಹೆಬ್ಬೆರಳಿನ ಉಗುರಿನಷ್ಟು ಡೊಮಿನೊ, ಕಡುಗಪ್ಪು ಮೈ, ಹಣೆ ಮೇಲೊಂದು, ಎರಡೂ ಪಕ್ಕಕ್ಕೆ ಒಂದೊಂದು ಬಿಳಿ ಚುಕ್ಕೆ. ಯಾರನ್ನೂ ಮುಟ್ಟದೆ ತನ್ನ ಪಾಡಿಗೆ ಈಜುತ್ತಿತ್ತು. ಕೆಲಸದ ಹುಡುಗ ಕಿಸಕ್ಕನೆ ನಕ್ಕ. ಮಗು ನನ್ನ ಮುಖ ನೋಡಿತು. ಅಪ್ಪ, "ಬಿಡಿ ಸಾರ್, ದಿನಾ ಮಾರೋರು, ಅವರಿಗೆ ಗೊತ್ತಿರಲ್ವಾ" ಅಂದುಬಿಟ್ಟರು. ನಾನು ಬೆರಳು ತೆಗೆದು ಜೇಬಿಗೆ ಹಾಕಿಕೊಂಡೆ.

ಆಗ ಬಾಯಿಗೆ ಬರಲಿಲ್ಲ. ಈಗ ಬರುತ್ತಿದೆ, ಕೇಳಿ.

ಅಂಗಡಿ ಟ್ಯಾಂಕಲ್ಲಿ ಅವು ಕಚ್ಚಾಡದಿರೋದು ಹೊಂದಿಕೊಂಡಿರೋದಕ್ಕಲ್ಲ. ಬರೀ ಗಾಜಿನ ಡಬ್ಬ, ಕಲ್ಲಿಲ್ಲ, ಸಂದಿಯಿಲ್ಲ, ನನ್ನ ಜಾಗ ಅಂತ ಹಿಡಿಯೋಕೆ ಏನೂ ಇಲ್ಲ. ನಲವತ್ತರ ಗುಂಪಿನಲ್ಲಿ ಯಾರನ್ನು ಅಂತ ಅಟ್ಟಿಸಿಕೊಂಡು ಹೋಗೋದು? ದಿನಾ ಬಲೆ ಬೀಳುತ್ತೆ, ನಿನ್ನೆ ಇದ್ದದ್ದು ಇವತ್ತಿಲ್ಲ. ಅದೇ ಮೀನನ್ನು ಕಲ್ಲು ಜೋಡಿಸಿದ ಮನೆ ಟ್ಯಾಂಕಿಗೆ ಬಿಡಿ. ಒಂದು ಸಂದಿ ಆರಿಸಿಕೊಳ್ಳುತ್ತೆ, ಅಲ್ಲಿಂದ ಕಾಳಗ ಶುರು. ಮೂರರಲ್ಲಿ ಬಲವಾದದ್ದು ಮೊದಲು ತನ್ನ ಜೊತೆಯ ಎರಡನ್ನು ಮೂಲೆಗೆ ತಳ್ಳುತ್ತೆ, ಆಮೇಲೆ ನೆಮೊ ಸರದಿ. ಸೋತ ಮೀನು ಹೀಟರಿನ ಹಿಂದೆ, ನೀರಿನ ಮೇಲ್ತುದಿಯಲ್ಲಿ ರೆಕ್ಕೆ ಮುದುರಿ ನಿಂತಿರುತ್ತೆ. ಊಟಕ್ಕೆ ಕೆಳಗಿಳಿಯೋಕೆ ಬಿಡಲ್ಲ. ಉಗುರಿನಷ್ಟಿರೋ ಡೊಮಿನೊ 14 ಸೆಂಟಿಮೀಟರಿನ ತನಕ ಬೆಳೆಯುತ್ತೆ, ಮಗು ಮೆಚ್ಚಿಕೊಂಡ ಆ ಬಿಳಿ ಚುಕ್ಕೆಗಳೂ ಬೆಳೀತಾ ಮಾಸುತ್ತವೆ. ಬಲೆ ಹಾಕಿ ಹೊರಗೆ ತೆಗೆಯೋಣ ಅಂದರೆ ಇಡೀ ಕಲ್ಲಿನ ರಾಶಿ ಕಳಚಬೇಕು.

ಡೋರಿ ಕಥೆ ಇನ್ನೂ ಕೆಟ್ಟದ್ದು. ಈಗ ಎರಡು ಇಂಚು, ಮುಂದೆ 30 ಸೆಂಟಿಮೀಟರ್ ಆಗೋ ಮೀನು. ದಿನವಿಡೀ ಉದ್ದಕ್ಕೆ ಈಜೋ ಜಾತಿ, ಆರು ಅಡಿ ಟ್ಯಾಂಕು, ನಾನೂರು ಐನೂರು ಲೀಟರ್ ನೀರು ಬೇಕು. ಅವರ ಟ್ಯಾಂಕಿನಲ್ಲಿ ಕಲ್ಲು ಮರಳು ಕಳೆದರೆ ಎಪ್ಪತ್ತು ಲೀಟರ್ ಉಳಿದರೆ ಹೆಚ್ಚು. ಬಿಳಿ ಚುಕ್ಕೆ ರೋಗ ಮೊದಲು ಹತ್ತೋದೂ ಇದಕ್ಕೇ. ಎಷ್ಟೋ ಅಂಗಡಿಗಳಲ್ಲಿ ಉಪ್ಪು ಕಡಿಮೆ ಮಾಡಿ, ತಾಮ್ರದ ಔಷಧಿ ಹಾಕಿ ರೋಗವನ್ನು ಅದುಮಿಟ್ಟಿರುತ್ತಾರೆ. ಮನೆಗೆ ಬಂದ ಮೇಲೆ ಅದು ತಲೆ ಎತ್ತುತ್ತೆ. ಮೈಮೇಲಿನ ಚುಕ್ಕೆ ನಾಲ್ಕೈದು ದಿನಕ್ಕೆ ಉದುರಿದರೆ ವಾಸಿಯಾಯಿತು ಅಂದುಕೊಳ್ಳಬೇಡಿ. ಆ ಚುಕ್ಕೆ ಅಂದರೆ ಮೀನಿಗೆ ಅಂಟಿದ ಸಣ್ಣ ಪರಾವಲಂಬಿ ಜೀವಿ, ಉದುರಿದ್ದು ಮರಳಿನಲ್ಲಿ ಗೂಡು ಕಟ್ಟಿ, ಒಂದೊಂದು ಗೂಡಿನಿಂದ ನೂರಾರು ಮರಿ ಹೊರಬಂದು ಮತ್ತೆ ಮೀನಿಗೇ ಅಂಟುತ್ತವೆ. ಆಗ ತಾಮ್ರ ಹಾಕೋಣ ಅಂದರೆ ಸೀಗಡಿ, ಬಸವನಹುಳು ಎಲ್ಲ ಸತ್ತು, ಕಲ್ಲು ತಾಮ್ರವನ್ನು ಹೀರಿ ಕೂರುತ್ತೆ. ಅದಕ್ಕೇ ಹೊಸ ಮೀನನ್ನು ಬೇರೆ ಬರಿಯ ಟ್ಯಾಂಕಿನಲ್ಲಿ ನಾಲ್ಕರಿಂದ ಆರು ವಾರ ಇಟ್ಟು ನೋಡಿ ಅಂತ ಬಡಕೊಳ್ಳೋದು.

ಮ್ಯಾಂಡರಿನ್ ಪಾಪ ಯಾರ ತಂಟೆಗೂ ಹೋಗಲ್ಲ. ಹೆಚ್ಚಿನವು ಕಾಳು ತಿನ್ನೋದೇ ಇಲ್ಲ. ಹಳೇ ಟ್ಯಾಂಕಿನ ಕಲ್ಲಿನ ಮೇಲೆ ಹರಿದಾಡೋ ಕೋಪೆಪಾಡ್ ಅನ್ನೋ ಕಣ್ಣಿಗೆ ಕಂಡೂ ಕಾಣದ ಹುಳುವೇ ಅದರ ಊಟ. ಮೂರು ದಿನದ ಟ್ಯಾಂಕಿನಲ್ಲಿ ಅದೆಲ್ಲಿದೆ? ಹೊಟ್ಟೆ ಒಳಕ್ಕೆ ಹೋಗಿ, ಎಲುಬು ಕಂಡು ಸಾಯುತ್ತೆ. ಅದರ ಬೆಲೆ ಕೇಳಿದರೆ ಹೊಟ್ಟೆ ಉರಿಯುತ್ತೆ.

ಹೋಗಲಿ, ನನಗ್ಯಾಕೆ. ಅವರ ದುಡ್ಡು, ಅವರ ಮೀನು. ಇನ್ಮೇಲೆ ಯಾವ ಅಂಗಡಿಯಲ್ಲೂ ಬಾಯಿ ತೆರೆಯಲ್ಲ.

ಇಲ್ಲ, ಸುಮ್ಮನಿರೋಕೆ ಆಗ್ತಿಲ್ಲ. ಯಾರಾದರೂ ಉತ್ತರ ಕೊಡಿ. ಟ್ಯಾಂಕು ಎಷ್ಟು ಲೀಟರು, ನೀರು ಎಷ್ಟು ದಿನದ್ದು, ಈ ಎರಡು ಪ್ರಶ್ನೆ ಕೇಳೋಕೆ ಅರ್ಧ ನಿಮಿಷ ಬೇಕಾ? ಅಂಗಡಿ ಇಟ್ಟಿರೋರು ಇಲ್ಲಿದ್ದರೆ ನೀವೇ ಹೇಳಿ, ಯಾಕೆ ಕೇಳಲ್ಲ? ನೀರು ಪಕ್ವವಾಗೋಕೆ ನಾಲ್ಕರಿಂದ ಆರು ವಾರ ಬೇಕು ಅಂತ ನಿಮಗೆ ಗೊತ್ತಿಲ್ವಾ? ಸಮುದ್ರದ ನೀರಿನ ಪಿಎಚ್ 8.2ರ ಆಸುಪಾಸು, ಆ ಪಿಎಚ್‌ನಲ್ಲಿ ಮೀನಿನ ಗಲೀಜಿನಿಂದ ಬರೋ ಅಮೋನಿಯಾ ಸಿಹಿನೀರಿಗಿಂತ ಹೆಚ್ಚು ವಿಷ. ಅದನ್ನು ತಿನ್ನೋ ಬ್ಯಾಕ್ಟೀರಿಯಾ ಇನ್ನೂ ಹುಟ್ಟೇ ಇಲ್ಲದ ನೀರಿಗೆ ಏಳು ಮೀನು ಒಟ್ಟಿಗೆ!

ಆ ಟ್ಯಾಂಕಿಗೆ ಏನು ಕೊಡಬಹುದಿತ್ತು ಅಂತಲೂ ಹೇಳ್ತೀನಿ. ಅಮೋನಿಯಾ, ಅದರಿಂದಾಗೋ ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ಮೇಲೆ ಮೊದಲು ಒಂದು ಫೈರ್‌ಫಿಶ್, ಅಂಜುಬುರುಕ ಮೀನು, ಮೊದಲೇ ಬಂದು ಜಾಗ ಹಿಡೀಲಿ. ಮೇಲೆ ಬಲೆ ಮುಚ್ಚಳ ಕಡ್ಡಾಯ, ಹಾರಿ ನೆಲಕ್ಕೆ ಬೀಳುತ್ತೆ. ಎರಡು ಮೂರು ವಾರ ಬಿಟ್ಟು ಗೋಬಿ ಅನ್ನೋ ಸಣ್ಣ ಮೀನು ಒಂದು. ಕೊನೆಗೆ ನೆಮೊ ಜೋಡಿ, ಒಂದು ದೊಡ್ಡದು, ಒಂದು ಚಿಕ್ಕದು. ದೊಡ್ಡದು ಹೆಣ್ಣಾಗುತ್ತೆ, ಚಿಕ್ಕದು ಗಂಡಾಗಿ ಉಳಿಯುತ್ತೆ. ಎರಡೂ ಬೆಳೆದು ದೊಡ್ಡದಾದ ಹೆಣ್ಣುಗಳೇ ಆದರೆ ಒಂದನ್ನೊಂದು ಕೊಲ್ಲುತ್ತವೆ. ನೆಮೊಗೆ ಅನಿಮೋನಿ (ಹೂವಿನಂತೆ ಕಾಣೋ ಸಮುದ್ರದ ಪ್ರಾಣಿ) ಬೇಕೇ ಬೇಕು ಅಂತ ಅಂಗಡಿಯವನು ಅದನ್ನೂ ತಗಲಿಸೋಕೆ ನೋಡ್ತಿದ್ದ. ಬೇಕಿಲ್ಲ. ಮಗುವಿಗೆ ಅಷ್ಟೇ ಸಾಕಾಗ್ತಿತ್ತು, ಆ ಜೋಡಿ ಹತ್ತು ವರ್ಷ ಜೊತೆಗಿರ್ತಿತ್ತು.

ಆ ಅಪ್ಪ ಅಕಸ್ಮಾತ್ ಇದನ್ನು ಓದಿದರೆ, ಸಾರ್, ನನ್ನ ಮೇಲೆ ಬೇಜಾರಿಟ್ಟುಕೊಳ್ಳಬೇಡಿ. ಡೋರಿ, ಮ್ಯಾಂಡರಿನ್ ನಾಳೆ ಬೆಳಿಗ್ಗೆಯೇ ವಾಪಸ್ ಕೊಡಿ, ದುಡ್ಡು ಕೊಡದಿದ್ದರೂ ಕೊಡಿ. ಲೀಟರಿಗೆ ಅಂದಾಜು 35 ಗ್ರಾಂ ಸಮುದ್ರದ ಉಪ್ಪಿನ ಲೆಕ್ಕದಲ್ಲಿ ಆರ್‌ಒ ನೀರು ಕಲೆಸಿ, ಒಂದು ದಿನ ಪಂಪ್ ಹಾಕಿಡಿ. ಟ್ಯಾಂಕಿನಷ್ಟೇ ಉಪ್ಪು, ಅಷ್ಟೇ ಬಿಸಿ ಇದೆ ಅಂತ ನೋಡಿಕೊಂಡು ದಿನಾ ಕಾಲು ಭಾಗ ನೀರು ಬದಲಿಸಿ. ಅಮೋನಿಯಾ ಅಳೆಯೋ ಕಿಟ್ ತನ್ನಿ, ಕಾಳು ಒಂದು ಚಿಟಿಕೆಗಿಂತ ಹೆಚ್ಚು ಹಾಕಬೇಡಿ. ಡೊಮಿನೊ ಹಿಡಿಯೋಕೆ ಕಲ್ಲು ಕಳಚಬೇಕಿಲ್ಲ, ಎರಡು ಲೀಟರಿನ ನೀರಿನ ಬಾಟಲಿಯ ಕತ್ತು ಕತ್ತರಿಸಿ, ತಿರುಗಿಸಿ ಅದರೊಳಗೇ ತೂರಿಸಿ, ಒಳಗೆ ಸೀಗಡಿ ಚೂರು ಹಾಕಿ ಟ್ಯಾಂಕಿನಲ್ಲಿ ಅಡ್ಡ ಮಲಗಿಸಿ. ಒಂದು ದಿನ ಬೇರೆ ಊಟ ಹಾಕಬೇಡಿ. ಹೊಟ್ಟೆಬಾಕ, ಮೊದಲು ಒಳಗೆ ನುಗ್ಗೋದು ಅದೇ.