ಕಾಫಿ ಕುಡಿದ ಮೇಲೆ ಕೇಳುವುದು ಹೇಗೆ?

ಮಗಳ ಕಾಲೇಜಿಗೆಂದು ಹಳೆಯ ಸ್ಕೂಟರ್ ನೋಡಲು ಮೈಸೂರಿನ ಕುವೆಂಪುನಗರದ ಮನೆಯೊಂದಕ್ಕೆ ಹೋಗಿದ್ದೆ. ಬಾಗಿಲಿಗೆ ರಂಗೋಲಿ, ಕಾಂಪೌಂಡಿನಲ್ಲಿ ದಾಸವಾಳ, ಒಳಗಿನಿಂದ ಒಗ್ಗರಣೆಯ ಘಮ. ಯಜಮಾನರು ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು. “ಮೊದಲು ಕಾಫಿ, ಆಮೇಲೆ ವ್ಯವಹಾರ” ಎಂದರು. ಸ್ಟೀಲ್ ಲೋಟದಲ್ಲಿ ನೊರೆ ಕಾಫಿ ಬಂತು. ಕುಡಿಯುತ್ತ ಮಾತಾಡಿದಾಗ ಅವರ ಸೊಸೆಯ ತವರು ನಮ್ಮೂರಿನ ಪಕ್ಕದ ಹಳ್ಳಿಯೇ ಎಂದು ತಿಳಿಯಿತು. ಅಲ್ಲಿಗೆ ನಾನು ಮುಗಿದೆ.

ಗಾಡಿ ಗೇಟಿನ ಬಳಿ ಥಳಥಳ ಹೊಳೆಯುತ್ತಿತ್ತು. ಮೀಟರಿನಲ್ಲಿ 14,000 ಚಿಲ್ಲರೆ ಕಿಲೋಮೀಟರ್. “ಸಿಂಗಲ್ ಓನರ್. ಸೊಸೆ ಆಫೀಸಿಗೆ ಹೋಗಿ ಬಂದದ್ದು, ಅಷ್ಟೇ.” ಗುಂಡಿ ಒತ್ತಿದ ಕೂಡಲೇ ಸ್ಟಾರ್ಟ್ ಆಯಿತು. 42,000ಕ್ಕೆ ಮಾತು ಮುಗಿಯಿತು. ಆರ್‌ಸಿ ಕೈಗೆ ಕೊಟ್ಟರು. ಹೆಸರು ನೋಡಿ ಮಡಿಚಿ ಇಟ್ಟುಕೊಂಡೆ. ಅವರ ಎದುರೇ ನಿಂತು ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದುವುದು ಹೇಗೆ? ಹಿರಿಯರು, ಕಾಫಿ ಕೊಟ್ಟವರು.

ನಾಲ್ಕನೆಯ ದಿನ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಲಿಲ್ಲ. ನಮ್ಮ ಬೀದಿಯ ಮೆಕ್ಯಾನಿಕ್ ಬಂದವನು ಎಂಜಿನ್ ತೆರೆಯುವ ಮೊದಲು ಬ್ರೇಕ್ ಲಿವರ್ ಮೇಲೆ ಬೆರಳಾಡಿಸಿದ. ಎರಡು ಬೆರಳು ಕೂರುವ ಜಾಗದಲ್ಲಿ ಬಣ್ಣ ಪೂರ್ತಿ ಸವೆದು ಲೋಹ ಬಿಳಿಚಿಕೊಂಡಿತ್ತು. ಹ್ಯಾಂಡಲ್ ಹಿಡಿಕೆಯ ಗೆರೆಗಳು ನುಣುಪಾಗಿದ್ದವು. “ಇದು ಹದಿನಾಲ್ಕು ಸಾವಿರ ಓಡಿದ ಕೈಯಲ್ಲ ಸಾರ್” ಎಂದ. ಸೀಟಿನ ಕೆಳಗಿನ ಡಬ್ಬಿಯ ತಳದಲ್ಲಿ ನಾಲ್ಕಾಗಿ ಮಡಿಚಿದ ಸರ್ವಿಸ್ ಬಿಲ್ ಸಿಕ್ಕಿತು. ಎರಡು ವರ್ಷದ ಹಿಂದೆಯೇ 31,000 ಕಿಲೋಮೀಟರ್! ಆಮೇಲೆ ಅವನು ಕೇಳಿದ ಪ್ರಶ್ನೆ ಇನ್ನೂ ಚುಚ್ಚುತ್ತಿದೆ: “ನೀವು ಹೋದಾಗ ಎಂಜಿನ್ ಮುಟ್ಟಿ ನೋಡಿದಿರಾ? ಬಿಸಿ ಇತ್ತಾ?” ನೋಡಿರಲಿಲ್ಲ. ಗಿರಾಕಿ ಬರುವ ಹತ್ತು ನಿಮಿಷ ಮೊದಲು ಗಾಡಿಯನ್ನು ಓಡಿಸಿ ಇಟ್ಟರೆ ಎಂಥ ಮುದಿ ಎಂಜಿನ್ನೂ ಒಂದೇ ಒತ್ತಿಗೆ ಏಳುತ್ತದಂತೆ. ಮುಂಜಾನೆ ತಣ್ಣಗಿದ್ದಾಗ ನೋಡಬೇಕು.

ಆರ್‌ಸಿಯಲ್ಲಿ ನಾನು ಓದದೆ ಬಿಟ್ಟ ಸಾಲಿನಲ್ಲಿ ಬ್ಯಾಂಕಿನ ಹೆಸರಿತ್ತು. ಸಾಲ ತೀರಿತ್ತಂತೆ, ಆದರೆ ಬ್ಯಾಂಕಿನ ಒಪ್ಪಿಗೆ ಪತ್ರ (ಎನ್‌ಒಸಿ) ತಂದು, ಆರ್‌ಟಿಒಗೆ ಫಾರಂ 35 ಕೊಟ್ಟು, ಆರ್‌ಸಿಯಲ್ಲಿನ ಸಾಲದ ನಮೂದನ್ನು (ಎಚ್‌ಪಿ) ತೆಗೆಸಿರಲಿಲ್ಲ. ಬ್ಯಾಂಕಿನ ಒಪ್ಪಿಗೆ ಇಲ್ಲದೆ ಗಾಡಿ ನನ್ನ ಹೆಸರಿಗೆ ಬರುವುದಿಲ್ಲ. ಫೋನ್ ಮಾಡಿದೆ. ಅದೇ ಸವಿಯಾದ ದನಿಯಲ್ಲಿ ಉತ್ತರ ಬಂತು: “ನೀವು ಕೇಳಲೇ ಇಲ್ಲವಲ್ಲ ಸ್ವಾಮಿ? ನೋಡಿಯೇ ತಾನೇ ತೆಗೆದುಕೊಂಡದ್ದು?”

ಸಿಟ್ಟು ಬಂತು. ಪರಿಚಯದ ವಕೀಲರೊಬ್ಬರ ಬಳಿ ಹೋದೆ. ಅವರು ನಗುತ್ತ 1872ರ ಕರಾರು ಕಾಯ್ದೆಯ 17ನೇ ಕಲಮನ್ನು ತೆರೆದು ತೋರಿಸಿದರು. ವಂಚನೆ ಎಂದರೇನು ಎಂದು ಹೇಳುವ ಆ ಕಲಮಿನ ಕೆಳಗೆ ಉದಾಹರಣೆಗೆಂದು ಒಂದು ಕುದುರೆಯನ್ನು ಕಟ್ಟಿಹಾಕಿದ್ದಾರೆ. ಕುದುರೆಗೆ ಏನೋ ಊನವಿದೆ, ಮಾರುವವನಿಗೆ ಅದು ಗೊತ್ತು. ಹರಾಜಿನಲ್ಲಿ ಮಾರುತ್ತಾನೆ, ಏನೂ ಹೇಳುವುದಿಲ್ಲ. ಅದು ವಂಚನೆಯಲ್ಲ! ಆದರೆ ಕೊಳ್ಳುವವನು “ನೀನು ಇಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆ ಎಂದೇ ತಿಳಿಯುತ್ತೇನೆ” ಎಂದು ಒಂದು ಮಾತು ಹೇಳಿದ ಮೇಲೂ ಮಾರುವವನು ಸುಮ್ಮನಿದ್ದರೆ, ಆ ಮೌನವೇ ಮಾತಿಗೆ ಸಮ. ಒಂದೂವರೆ ಶತಮಾನದ ಹಿಂದೆ ಬರೆದದ್ದು. ಕುದುರೆಯ ಜಾಗದಲ್ಲಿ ಸ್ಕೂಟರ್ ಎಂದು ಓದಿಕೊಂಡರೆ ನನ್ನ ಕಥೆಯೇ. ಎಚ್‌ಪಿಯ ವಿಷಯದಲ್ಲಂತೂ ನನಗೆ ಬಾಯಿಲ್ಲ, ಆರ್‌ಸಿಯನ್ನೇ ಕೈಗೆ ಕೊಟ್ಟಿದ್ದರು. ಮೀಟರ್ ತಿರುಗಿಸಿದ್ದು ಬೇರೆ ಮಾತು, ಅದು ಅಪ್ಪಟ ಮೋಸ. ಆದರೆ ತಿರುಗಿಸಿದವರು ಇವರೇ ಎಂದು ತೋರಿಸುವುದು ನನ್ನ ತಲೆಗೆ. ಗ್ರಾಹಕರ ಆಯೋಗಕ್ಕೆ ಹೋಗೋಣವೆಂದರೆ, ಅವರು ವ್ಯಾಪಾರಿಯಲ್ಲ, ಮನೆಯ ಗಾಡಿಯನ್ನು ಮಾರಿದವರು. ಅಲ್ಲಿ ದೂರು ನಿಲ್ಲುವುದು ಕಷ್ಟ ಎಂದರು ವಕೀಲರು.

ಆ ದಿನದಿಂದ ನಾನು ಹೇಳುತ್ತ ಬಂದಿರುವುದು ಒಂದೇ. ಹಳೆಯ ವಸ್ತು ಮಾರುವ ಮೋಸಗಾರನ ಬಂಡವಾಳ ಸುಳ್ಳಲ್ಲ, ನಮ್ಮ ದಾಕ್ಷಿಣ್ಯ. ಕೇಳದ ಪ್ರಶ್ನೆಗೆ ಯಾರು ಸುಳ್ಳು ಹೇಳುತ್ತಾರೆ? ದಾಕ್ಷಿಣ್ಯಕ್ಕೆ ಬಸಿರಾದರೆ ಹೆರುವುದಕ್ಕೆ ಜಾಗವಿಲ್ಲ ಎಂದು ನಮ್ಮಜ್ಜಿ ದಿನಕ್ಕೆರಡು ಸಲ ಹೇಳುತ್ತಿದ್ದರು. ಕೇಳಿಸಿಕೊಂಡವರು ಯಾರು?

ಹಾಗಾಗಿ ಈಗ ಹೊರಡುವ ಮೊದಲೇ, ಕಾಫಿ ವಾಸನೆ ಮೂಗಿಗೆ ತಾಗುವ ಮೊದಲೇ, ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕೇಳುತ್ತೇನೆ. ಮೀಟರ್ ಬದಲಾಗಿದೆಯೇ? ಅಪಘಾತವಾಗಿದೆಯೇ? ಸಾಲವಿದೆಯೇ, ಎಚ್‌ಪಿ ತೆಗೆಸಿದ್ದೀರಾ? ಬರೆದು ಕೇಳುವುದು ಮುಖ ನೋಡಿ ಕೇಳಿದಷ್ಟು ಕಷ್ಟವಲ್ಲ, ಉತ್ತರವೂ ಅಳಿಯದೆ ಉಳಿಯುತ್ತದೆ. ಅರ್ಧ ಜನ ಉತ್ತರಿಸುವುದೇ ಇಲ್ಲ. ಪೆಟ್ರೋಲ್ ಉಳಿಯಿತು. “ನಂಬಿಕೆ ಇಲ್ಲವಾ?” ಎಂದು ನೊಂದುಕೊಳ್ಳುವವರ ಮನೆಗಂತೂ ನಾನು ಹೋಗುವುದಿಲ್ಲ. ನಿಜವಾಗಿ ಚೆನ್ನಾಗಿಟ್ಟುಕೊಂಡವರು ಕೇಳಿದರೆ ನೊಂದುಕೊಳ್ಳುವುದಿಲ್ಲ. ಸರ್ವಿಸ್ ಬಿಲ್ಲಿನ ಫೈಲನ್ನೇ ತಂದು ಮುಂದಿಡುತ್ತಾರೆ, ಬೇಡವೆಂದರೂ ಬಿಡುವುದಿಲ್ಲ.

ಮೊಬೈಲಿನದು ಇನ್ನೂ ಅಪಾಯದ ವಿಷಯ. “ಉಡುಗೊರೆ ಬಂದದ್ದು, ಬಾಕ್ಸ್ ಕಳೆದುಹೋಗಿದೆ” ಎಂಬ ಮಾತು ಕೇಳಿದರೆ *#06# ಒತ್ತಿ ಐಎಂಇಐ ಎಂಬ ಫೋನಿನ ಗುರುತಿನ ಸಂಖ್ಯೆ ನೋಡಿ. ಕೆವೈಎಂ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಜಾಗ ಬಿಟ್ಟು, ಆ ಸಂಖ್ಯೆ ಹಾಕಿ 14422ಕ್ಕೆ ಎಸ್ಎಂಎಸ್ ಕಳಿಸಿದರೆ ಅದು ಕಪ್ಪುಪಟ್ಟಿಯಲ್ಲಿದೆಯೇ ಎಂದು ಸರ್ಕಾರದ ವ್ಯವಸ್ಥೆಯೇ ಹೇಳುತ್ತದೆ. ಕದ್ದ ಮಾಲಾಗಿದ್ದರೆ ಪೊಲೀಸರು ಬಂದು ಒಯ್ಯುತ್ತಾರೆ, ಕೊಟ್ಟ ದುಡ್ಡು ನೀರಿಗೆ ಬಿದ್ದಂತೆ. ಮಾರಿದವನದ್ದೇ ಅಲ್ಲದ ವಸ್ತು ನಿಮ್ಮದಾಗುವುದು ಹೇಗೆ? ಇನ್ನು ಸೇನೆಯ ಸಮವಸ್ತ್ರದ ಫೋಟೊ ಕಳಿಸಿ, ವರ್ಗಾವಣೆಯಾಗಿದೆ, ಮುಂಗಡ ಹಾಕಿ, ಗಾಡಿ ಕಳಿಸುತ್ತೇನೆ ಎನ್ನುವವರ ಜೊತೆ ಎರಡನೆಯ ಮಾತೇ ಬೇಡ. ಈಗಾಗಲೇ ಹಾಕಿದ್ದರೆ ನಾಚಿಕೆ ಪಡುತ್ತ ಕೂರದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಸ್ಕೂಟರ್ ಏನಾಯಿತು ಎಂದು ಕೇಳುತ್ತೀರಿ. ಎರಡು ತಿಂಗಳು ಅಲೆದು, ಅವರ ಸೊಸೆಯನ್ನೇ ಬ್ಯಾಂಕಿಗೆ ಕರೆದುಕೊಂಡು ಹೋಗಿ ಎನ್‌ಒಸಿ ತಂದು, ವರ್ಗ ಮಾಡಿಸಿಕೊಂಡೆ. ಆ ಹೆಣ್ಣುಮಗಳು ಬ್ಯಾಂಕಿನ ಸಾಲಿನಲ್ಲಿ ನಿಂತು ತಾನಾಗಿಯೇ ಹೇಳಿದಳು: “ಮೀಟರ್ ವಿಷಯ ನನಗೆ ಗೊತ್ತಿರಲಿಲ್ಲ ಅಂಕಲ್.” ನಂಬಿದೆ. ರಿಪೇರಿಗೆ 9,000 ಹೋಯಿತು. ಗಾಡಿ ಈಗ ಪರವಾಗಿಲ್ಲ.

ಇಷ್ಟೆಲ್ಲ ಬರೆದ ಮೇಲೆ ಒಂದು ಮಾತು ಮುಚ್ಚಿಟ್ಟರೆ ತಪ್ಪಾಗುತ್ತದೆ. ಎಂಟು ವರ್ಷದ ಹಿಂದೆ ಮನೆ ಬದಲಿಸುವಾಗ ನಮ್ಮ ಫ್ರಿಜ್ ಮಾರಿದೆ. ಬೇಸಿಗೆಯಲ್ಲಿ ವೋಲ್ಟೇಜ್ ಇಳಿದರೆ ಅದರ ಕಂಪ್ರೆಸರ್ ಗುರ್‌ಗುಟ್ಟಿ ನಿಂತುಬಿಡುತ್ತಿತ್ತು. ಕೊಳ್ಳಲು ಬಂದವನು ಹಾವೇರಿ ಕಡೆಯ ಹುಡುಗ, ಆಗಷ್ಟೇ ಕೆಲಸಕ್ಕೆ ಸೇರಿದ್ದ. ಬಂದದ್ದು ಡಿಸೆಂಬರಿನಲ್ಲಿ. ಬಾಗಿಲು ತೆಗೆದು ನೋಡಿದ, ಐಸ್ ಮುಟ್ಟಿದ, ಏನೋ ಕೇಳಲು ಬಾಯಿ ತೆರೆದವನು ಸುಮ್ಮನಾದ. ಅಷ್ಟರಲ್ಲಿ ನನ್ನ ಹೆಂಡತಿ ಅವನಿಗೆ ಕಾಫಿ ತಂದಿದ್ದಳು.