‘ಏನೂ ಇಲ್ಲ ಕಣೇ, ಹಲ್ಲಿ ತಿಂದಿದೆ ಅಷ್ಟೇ’

ಈಗಷ್ಟೇ ಅರ್ಧ ಮಾತ್ರೆಯೊಂದನ್ನು ಕಸದ ಬುಟ್ಟಿಗೆ ಎಸೆದು ಬಂದು ಕೂತಿದ್ದೇನೆ. ಕೈ ಇನ್ನೂ ನಡುಗುತ್ತಿದೆ. ಸಿಟ್ಟಲ್ಲಿ ಬರೆಯುತ್ತಿದ್ದೇನೆ, ಮಾತು ಒರಟಾದರೆ ಬೇಜಾರು ಮಾಡಿಕೊಳ್ಳಬೇಡಿ.

ಸಂಜೆ ಕೆಲಸದಿಂದ ಬಂದಾಗ ಅಡುಗೆಕಟ್ಟೆ ಮೇಲೆ ಪ್ಯಾರಾಸಿಟಮಾಲ್ ಮಾತ್ರೆ ಮುರಿದು ಇಟ್ಟಿತ್ತು. ಪಕ್ಕದಲ್ಲಿ ಚಮಚ, ಚಮಚದಲ್ಲಿ ನೀರು. ನಾನಿಲ್ಲದಾಗ ನನ್ನ ಬೆಕ್ಕಿನ ಮರಿ ಬೆಲ್ಲನ ಹತ್ತಿರ ಪಕ್ಕದ ಮನೆ ಆಂಟಿ ಕೂತಿರುತ್ತಾರೆ, ನಿಮಗೆ ಗೊತ್ತಲ್ಲ. "ಮೈ ಕೆಂಡದ ಥರ ಸುಡ್ತಿತ್ತು ಕಣೇ. ಮಗುವಿಗೆ ಕೊಡೋ ಹಾಗೆ ಅರ್ಧ ಕೊಡೋಣ ಅಂತ ನೋಡಿದೆ, ಬಾಯೇ ಬಿಡಲಿಲ್ಲ" ಅಂದರು. ಬಾಯಿ ಬಿಡಲಿಲ್ಲ! ಅದೊಂದೇ ಕಾರಣಕ್ಕೆ ಅವನು ಈಗ ನನ್ನ ಕಾಲ ಹತ್ತಿರ ಮಲಗಿದ್ದಾನೆ.

ದಯವಿಟ್ಟು ಇದೊಂದನ್ನು ಮನೆಮನೆಗೂ ಹೇಳಿ. ಬೆಕ್ಕಿಗೆ ಪ್ಯಾರಾಸಿಟಮಾಲ್ ವಿಷ. ನಮ್ಮ ಲಿವರ್ ಅದನ್ನು ಅರಗಿಸಿ ಹೊರಗೆ ಹಾಕುವ ಹಾಗೆ ಬೆಕ್ಕಿನ ಲಿವರ್‌ಗೆ ಆಗುವುದಿಲ್ಲ. ಅದು ನೇರವಾಗಿ ರಕ್ತಕ್ಕೇ ಕೈ ಹಾಕುತ್ತದೆ. ರಕ್ತ ಆಮ್ಲಜನಕ ಹೊರುವುದನ್ನು ಬಿಡುತ್ತದೆ, ಒಸಡು ಕಂದಾಗುತ್ತದೆ, ಮುಖ ಊದುತ್ತದೆ. ಅರ್ಧ ಮಾತ್ರೆ ಅಂದರೆ 250 ಮಿಲಿಗ್ರಾಂ. ನಮ್ಮ ಬೆಲ್ಲ ಇರುವುದೇ ಎರಡೂಕಾಲು ಕಿಲೋ ಚಿಲ್ಲರೆ. ಜೀವ ಹೋಗಲು ಅಷ್ಟು ಸಾಕು.

ಆಂಟಿ ಮೇಲೆ ನನಗೆ ಕೋಪ ಇಲ್ಲ. ಅವರು ಅವನನ್ನು ನನಗಿಂತ ಜಾಸ್ತಿ ಎತ್ತಿಕೊಂಡು ಓಡಾಡಿದವರು. ಕೋಪ ಇರುವುದು ಬೇರೆ ಕಡೆ. ಹದಿನಾರು ದಿನದಿಂದ ಈ ಮರಿಗೆ ಜ್ವರ. ಹದಿನಾರು ದಿನದಿಂದ ಯಾರನ್ನು ಕೇಳಿದರೂ ಕಾಯಿಲೆಯ ಹೆಸರು ಬಾಯಲ್ಲೇ ರೆಡಿ ಇದೆ. ಮೇಲಿನ ಮನೆಯವರಿಗೆ ದೃಷ್ಟಿ. ಹಾಲಿನವನಿಗೆ ಜಂತುಹುಳ. ನಮ್ಮ ದೊಡ್ಡಮ್ಮನಿಗೆ, "ಏನೂ ಇಲ್ಲ ಕಣೇ, ಹಲ್ಲಿ ತಿಂದಿದೆ ಅಷ್ಟೇ." ಮೊದಲು ಕರೆದುಕೊಂಡು ಹೋದ ಕ್ಲಿನಿಕ್‌ನಲ್ಲಿ ಒಂದು ಹನಿ ರಕ್ತ ತೆಗೆಯದೆ, ಹೊಟ್ಟೆ ಮುಟ್ಟಿ ನೋಡದೆ, "ಕಿಡ್ನಿ ಹೋಗಿದೆ, ಆಸೆ ಇಟ್ಕೋಬೇಡಿ" ಅಂದರು. ಹತ್ತು ತಿಂಗಳ ಮರಿಗೆ! ಆಮೇಲೆ ಬೇರೆ ಕಡೆ ರಕ್ತ ಪರೀಕ್ಷೆ ಮಾಡಿಸಿದರೆ ಕಿಡ್ನಿ ಸರಿಯಾಗಿದೆ. ಆ ಒಂದು ಮಾತಿಗೆ ನಾನು ಎರಡು ರಾತ್ರಿ ಅತ್ತಿದ್ದೇನೆ.

ಗೊತ್ತಿಲ್ಲ ಅನ್ನುವುದಕ್ಕೆ ಜನರಿಗೆ ಯಾಕೆ ಇಷ್ಟು ಕಷ್ಟ?

ಈಗ ನೋಡುತ್ತಿರುವ ಡಾಕ್ಟರ್ ವಯಸ್ಸಲ್ಲಿ ಚಿಕ್ಕವರು. ಮೊದಲ ದಿನ ಮುಕ್ಕಾಲು ಗಂಟೆ ಅವನನ್ನು ನೋಡಿ, ಒಸಡು ಒತ್ತಿ ಬಿಟ್ಟು, ಕಣ್ಣಿಗೆ ಲೈಟ್ ಹಾಕಿ, ಕೊನೆಗೆ ಹೇಳಿದ್ದು ಇಷ್ಟು: "ಏನು ಅಂತ ನನಗೆ ಇನ್ನೂ ಗೊತ್ತಾಗಿಲ್ಲ ಮೇಡಂ. ಏನೇನಲ್ಲ ಅನ್ನೋದನ್ನ ಒಂದೊಂದಾಗಿ ತೆಗೆದುಹಾಕೋಣ." ನನಗೆ ಅವರ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ಅಷ್ಟು ದಿನದಲ್ಲಿ ನನ್ನ ಮುಂದೆ ಯಾರೋ ನಿಜ ಹೇಳಿದ್ದು ಅದೇ ಮೊದಲು.

ನೀವು ಹೇಳಬಹುದು, ಪಾಪ ಅವರೆಲ್ಲ ಒಳ್ಳೆಯದಕ್ಕೇ ಹೇಳುತ್ತಾರೆ, ಒಂದೊಂದು ಸಲ ನಿಜವೂ ಆಗಿರುತ್ತದೆ ಅಂತ. ಹೌದು. ಹಲ್ಲಿ ವಿಷಯವನ್ನೇ ತೆಗೆದುಕೊಳ್ಳಿ. ದೊಡ್ಡಮ್ಮ ಹೇಳಿದ್ದನ್ನು ಡಾಕ್ಟರ್‌ಗೆ ಹೇಳಿದೆ. ಅವರು ಅಲ್ಲಗಳೆಯಲಿಲ್ಲ. ಹಲ್ಲಿ ತಿನ್ನುವ ಬೆಕ್ಕುಗಳ ಪಿತ್ತನಾಳದಲ್ಲಿ ಒಂದು ಜಾತಿಯ ಹುಳ ಸೇರಿಕೊಳ್ಳುವುದು ನಿಜವಂತೆ. ಆದರೆ ಅವರು ಅಲ್ಲಿಗೇ ಬಿಡಲಿಲ್ಲ, ಮಲ ಪರೀಕ್ಷೆಗೆ ಕಳಿಸಿದರು, ಮೊಟ್ಟೆ ಸಿಗಲಿಲ್ಲ, ಲಿವರ್ ನಂಬರ್ ನೋಡಿದರು, ಆಮೇಲೆ ಆ ಹೆಸರನ್ನು ಸದ್ಯಕ್ಕೆ ಪಕ್ಕಕ್ಕಿಟ್ಟರು. ದೊಡ್ಡಮ್ಮ ಇವತ್ತಿಗೂ ಫೋನ್ ಮಾಡಿದರೆ ಹಲ್ಲಿ ಅಂತಲೇ ಹೇಳುತ್ತಾರೆ. ಒಳ್ಳೆಯ ಮನಸ್ಸಿನಿಂದ ಹೇಳಿದ್ದು ಅನ್ನುವುದನ್ನು ನಾನು ಇನ್ನು ಕೇಳಲಾರೆ. ಆ ಚಮಚದ ನೀರೂ ಒಳ್ಳೆಯ ಮನಸ್ಸಿನದೇ.

ಈಗ ಉಳಿದಿರುವುದು ಎರಡು ಅನುಮಾನ. ಒಂದು, ಚಿಗಟದಿಂದ ಬರುತ್ತದೆ ಅನ್ನುವ, ಕೆಂಪು ರಕ್ತಕಣಗಳಿಗೆ ಅಂಟಿಕೊಳ್ಳುವ ಸೋಂಕು. ಅದಕ್ಕೆ ಡಾಕ್ಸಿಸೈಕ್ಲಿನ್ ನಡೆಯುತ್ತಿದೆ. (ಈ ಮಾತ್ರೆ ಕೊಟ್ಟ ಮೇಲೆ ಸಿರಿಂಜ್‌ನಲ್ಲಿ ನೀರು ಕುಡಿಸಲೇಬೇಕು. ಗಂಟಲಲ್ಲಿ ನಿಂತರೆ ಅನ್ನನಾಳವನ್ನೇ ಸುಟ್ಟುಬಿಡುತ್ತದೆ.) ಇನ್ನೊಂದು ಎಫ್‌ಐಪಿ ಅನ್ನುವ ವೈರಸ್ ಕಾಯಿಲೆ. ಬೆಕ್ಕುಗಳದೇ ಒಂದು ಕೊರೊನಾ ವೈರಸ್ ಇದೆ, ನಮ್ಮ ಕೋವಿಡ್‌ದಲ್ಲ, ಬೇರೆ. ಬಹಳಷ್ಟು ಬೆಕ್ಕುಗಳ ಕರುಳಲ್ಲಿ ಸುಮ್ನೆ ಇರುತ್ತದೆ. ಕೆಲವು ಮರಿಗಳಲ್ಲಿ ಅದು ರೂಪ ಬದಲಿಸಿ ಮೈಯೆಲ್ಲ ಹಬ್ಬುತ್ತದೆ. ಎರಡು ವರ್ಷದೊಳಗಿನ ಮರಿಗಳಿಗೇ ಜಾಸ್ತಿ. ಹೊಟ್ಟೆಯಲ್ಲಿ ಹಳದಿ ನೀರು ತುಂಬಿದ್ದರೆ ಪತ್ತೆ ಮಾಡುವುದು ಸ್ವಲ್ಪ ಸುಲಭ. ಬೆಲ್ಲನಿಗೆ ನೀರಿಲ್ಲ. ರಕ್ತದಲ್ಲಿ ಅಲ್ಬುಮಿನ್ ಮತ್ತು ಗ್ಲಾಬುಲಿನ್ ಅನ್ನುವ ಎರಡು ಪ್ರೋಟೀನ್‌ಗಳ ಅನುಪಾತ ನೋಡುತ್ತಾರೆ. 0.4ಕ್ಕಿಂತ ಕಡಿಮೆ ಇದ್ದರೆ ಅನುಮಾನ ಗಟ್ಟಿ, 0.8ಕ್ಕಿಂತ ಮೇಲಿದ್ದರೆ ಅದಲ್ಲ ಅಂತ ಹೆಚ್ಚುಕಡಿಮೆ ಹೇಳಬಹುದು. ನಮ್ಮದು 0.5. ಅಲ್ಲೂ ಅಲ್ಲ, ಇಲ್ಲೂ ಅಲ್ಲ.

2019ರವರೆಗೆ ಎಫ್‌ಐಪಿ ಅಂದರೆ ಸಾವು ಅಂತಲೇ ಲೆಕ್ಕ. ಆ ವರ್ಷ ಕ್ಯಾಲಿಫೋರ್ನಿಯಾದ ಸಂಶೋಧಕರು ಜಿಎಸ್-441524 ಅನ್ನುವ ಔಷಧವನ್ನು 31 ಬೆಕ್ಕುಗಳಿಗೆ ಕೊಟ್ಟು ನೋಡಿದರು, ಬಹುಪಾಲು ಬದುಕಿದವು. ಸಾಮಾನ್ಯವಾಗಿ 84 ದಿನದ ಚಿಕಿತ್ಸೆ. ಡಾಕ್ಟರ್ ಇದನ್ನು ವಿವರಿಸುವಾಗ ಇನ್ನೊಂದು ಮಾತು ಹೇಳಿದರು. ಕೋವಿಡ್‌ಗೆ ಕೊಡುತ್ತಿದ್ದ ರೆಮ್‌ಡೆಸಿವಿರ್ ಮೈಯೊಳಗೆ ಹೋದ ಮೇಲೆ ಬಹುಪಾಲು ಆಗುವುದೂ ಇದೇ ಜಿಎಸ್ ಅಂತೆ. ಆ ಹೆಸರು ಕೇಳಿದ್ದೇ ನಾನು ಕುರ್ಚಿ ಹಿಡಿದುಕೊಂಡೆ. 2021ರ ಮೇ ತಿಂಗಳಲ್ಲಿ ಚಿಕ್ಕಪ್ಪನಿಗಾಗಿ ಬೆಂಗಳೂರಲ್ಲಿ ಅದೇ ಇಂಜೆಕ್ಷನ್ ಹುಡುಕಿಕೊಂಡು ಎಷ್ಟು ಮೆಡಿಕಲ್ ಶಾಪ್ ಹತ್ತಿ ಇಳಿದೆ ಅಂತ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಸಿಗಲಿಲ್ಲ ಅನ್ನುವುದೂ ಗೊತ್ತು.

ಒಂದು ಮಾತು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಶುರುವಿನಲ್ಲಿ ನಾನೂ ಹೆಸರು ಇಟ್ಟುಕೊಂಡೇ ಕೂತಿದ್ದೆ. ಅವನು ಫ್ರಿಜ್ ಮೇಲೆ ಹಾರುವುದನ್ನು ಬಿಟ್ಟು ನಾಲ್ಕು ದಿನ ಆಗಿತ್ತು. ಬಿಸಿಲಿಗೆ ಹಾಗೆ ಅಂದುಕೊಂಡೆ. ಬಟ್ಟಲಲ್ಲಿ ಅನ್ನ ಹಾಗೇ ಉಳಿಯುತ್ತಿತ್ತು. ಕೂದಲಿನ ಉಂಡೆ ಇರಬೇಕು ಅಂದುಕೊಂಡೆ. ಬೆಕ್ಕು ನೋವನ್ನು ಮುಚ್ಚಿಡುತ್ತದೆ, ಎರಡು ಮೂರು ದಿನ ಊಟ ಬಿಟ್ಟರೆ ಲಿವರ್‌ಗೇ ಕೊಬ್ಬು ತುಂಬಬಹುದು, ಇದೆಲ್ಲ ನನಗೆ ಆಮೇಲೆ ಗೊತ್ತಾಯಿತು. ಆ ನಾಲ್ಕು ದಿನ ನನ್ನ ಎದೆಯಿಂದ ಇಳಿಯುತ್ತಿಲ್ಲ.

ಈಗ ನಾನು ಯಾವ ಹೆಸರನ್ನೂ ಇಡುವುದಿಲ್ಲ, ಬರೆದಿಡುತ್ತೇನೆ. ಒಂದು ನೋಟ್‌ಬುಕ್ ಇದೆ. ಬೆಳಿಗ್ಗೆ ಎದ್ದ ಕೂಡಲೇ ಸ್ಟೀಲ್ ಬೋಗುಣಿಯನ್ನು ಅಡುಗೆಮನೆ ತೂಕದ ಮೆಷಿನ್ ಮೇಲೆ ಇಟ್ಟು, ಸೊನ್ನೆ ಮಾಡಿ, ಅವನನ್ನು ಒಳಗೆ ಕೂರಿಸುತ್ತೇನೆ. ಮೊದಮೊದಲು ಹಾರಿ ಓಡುತ್ತಿದ್ದ. ಈಗ ಅಂಚಿನ ಮೇಲೆ ಗಲ್ಲ ಇಟ್ಟುಕೊಂಡು ನಂಬರ್ ನಿಲ್ಲುವವರೆಗೂ ಕಾಯುತ್ತಾನೆ, ಆ ಸ್ಟೀಲ್ ಮೇಲೆ ಅವನ ಉಸಿರಿನ ಮಬ್ಬು ಸಣ್ಣಗೆ ಮೂಡಿ ಆರುತ್ತದೆ. ಮೊನ್ನೆ 2,340 ಗ್ರಾಂ. ನಿನ್ನೆ 2,325. ಇವತ್ತು 2,350. ಜ್ವರ 103.8. ಬೆಕ್ಕಿಗೆ 102.5ರವರೆಗೆ ಸರಿ. ಕೋಳಿ ಬೇಯಿಸಿದ ನೀರು, ಈರುಳ್ಳಿ ಬೆಳ್ಳುಳ್ಳಿ ಏನೂ ಹಾಕದೆ, ಸಿರಿಂಜ್‌ನಲ್ಲಿ ಎರಡು ಗಂಟೆಗೊಮ್ಮೆ. ಇವತ್ತು ಸಿರಿಂಜ್ ತುದಿಯನ್ನು ತಾನಾಗಿಯೇ ನೆಕ್ಕಿದ. ಅದನ್ನೂ ಬರೆದಿದ್ದೇನೆ.

"ಬೀದಿಯಲ್ಲಿ ಬೇಕಾದಷ್ಟು ಮರಿ ಸಿಗುತ್ತೆ, ಇನ್ನೊಂದು ತಗೊಂಡು ಬಾ" ಅಂದವರಿಗೆ ಉತ್ತರ ಕೊಡುವಷ್ಟು ಶಕ್ತಿ ನನಗಿಲ್ಲ.

ನನಗೆ ನಿಮ್ಮಿಂದ ಬೇಕಿರುವುದು ಬೇರೆ. ಬೆಲ್ಲನ ರಕ್ತದಲ್ಲಿ ಕೆಂಪು ಕಣಗಳ ಪಾಲು ಶೇಕಡಾ 17ಕ್ಕೆ ಇಳಿದಿದೆ. ಇರಬೇಕಾದದ್ದು ಸುಮಾರು 30ರಿಂದ 45. ಇನ್ನೂ ಇಳಿದರೆ ರಕ್ತ ಕೊಡಲೇಬೇಕು ಅಂದಿದ್ದಾರೆ. ಮೈಸೂರಲ್ಲಿ ಯಾರ ಮನೆಯಲ್ಲಾದರೂ ನಾಲ್ಕು ಕಿಲೋಗಿಂತ ಜಾಸ್ತಿ ತೂಕದ, ಒಂದರಿಂದ ಎಂಟು ವರ್ಷದೊಳಗಿನ, ಲಸಿಕೆ ಆಗಿರುವ, ಮನೆಯೊಳಗೇ ಇರುವ ಆರೋಗ್ಯದ ಬೆಕ್ಕು ಇದ್ದರೆ ಇನ್‌ಬಾಕ್ಸ್‌ಗೆ ಬನ್ನಿ. ಬೆಕ್ಕುಗಳಲ್ಲೂ ಎ, ಬಿ ಗುಂಪುಗಳಿವೆ, ಹೊಂದದ ರಕ್ತ ಹಾಕಿದರೆ ಜೀವಕ್ಕೇ ಅಪಾಯ, ಅದಕ್ಕೆ ಮೊದಲು ಹೊಂದುತ್ತದಾ ಅಂತ ಪರೀಕ್ಷೆ ಮಾಡುತ್ತಾರೆ. ಕರೆದುಕೊಂಡು ಹೋಗಿ ಬರುವುದು, ಖರ್ಚು, ಎಲ್ಲ ನನ್ನದು. ಹನ್ನೊಂದು ಗಂಟೆಗೆ ಜ್ವರ ನೋಡಲು ಏಳಬೇಕು, ರಾತ್ರಿಯಿಡೀ ಫೋನ್ ಆನ್ ಇರುತ್ತದೆ.