ಬಿಳಿ ಐದರಲ್ಲಿ ಜೀಂ

ಮಗಳ ಎಲೆಕ್ಟ್ರಾನಿಕ್ ಪಿಯಾನೊದ ಸ್ಪೀಕರ್ ಜೀಂ ಅನ್ನುತ್ತದೆ. ಸಣ್ಣಗೆ, ಬಿಡದೆ. ಮಗಳು ಪಿಯಾನೊ ನಿಲ್ಲಿಸಿದರೂ ಅದು ನಿಲ್ಲಿಸುವುದಿಲ್ಲ. ಟ್ಯಾಬ್‌ನಲ್ಲಿ ಪಾಠದ ಪುಟ ಸರಿಸಿದರೆ ಜೀಂ ಹೋಗಿ ಕಿರ್ರ್ ಆಗುತ್ತದೆ, ಬೆರಳು ಎತ್ತಿದರೆ ಮತ್ತೆ ಜೀಂ. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಿ ಕೇಳಿದಳು, "ಏನೋ, ಮನ್ಯಾಗ ಗಿರಣಿ ಹಾಕೀಯೇನು?"

ನಮ್ಮ ಮನೆಯ ವ್ಯವಸ್ಥೆ ಹೀಗಿದೆ. ಪಿಯಾನೊದಿಂದ ಟ್ಯಾಬ್‌ಗೆ ಒಂದು ಯುಎಸ್‌ಬಿ ವೈರ್. ಮಗಳು ಯಾವ ಕೀ ಒತ್ತಿದಳು, ಎಷ್ಟು ಜೋರಾಗಿ ಒತ್ತಿದಳು ಅಂತ ಅದು ಟ್ಯಾಬ್‌ಗೆ ಚಾಡಿ ಹೇಳುತ್ತದೆ. 1983ರಿಂದ ನಡೆದು ಬಂದ ಪದ್ಧತಿ, ಮಿಡಿ ಅಂತ ಹೆಸರು. ನಡುವಿನ 'ಸಿ' ಒತ್ತಿದರೆ 60 ಅನ್ನುತ್ತದೆ, ಒತ್ತಿದ ಜೋರಿಗೆ 127ರೊಳಗೆ ಇನ್ನೊಂದು ಅಂಕಿ. ಅದರಲ್ಲಿ ಸದ್ದು ಹೋಗುವುದೇ ಇಲ್ಲ, ಬರೀ ಲೆಕ್ಕ. ಟ್ಯಾಬ್‌ನ ಇಯರ್‌ಫೋನ್ ತೂತಿನಿಂದ ಪಿಯಾನೊಗೆ ಇನ್ನೊಂದು ವೈರ್. ಪಾಠದ ಮಾತು, ತಾಳ ಎಲ್ಲ ಪಿಯಾನೊ ಸ್ಪೀಕರಿನಲ್ಲೇ ಬರಲಿ ಅಂತ. ಮಧ್ಯಾಹ್ನವೆಲ್ಲ ಅವ್ವನ ಧಾರಾವಾಹಿ ಓಡಿ ಸಂಜೆಗೆ ಬ್ಯಾಟರಿ ಸತ್ತಿರುತ್ತದೆ, ಹಾಗಾಗಿ ಒಂದೇ ತೂತಿಗೆ ಹಲವು ವೈರ್ ಹಿಡಿಸುವ ಒಂದು ಹಬ್ ಸಿಕ್ಕಿಸಿ ಚಾರ್ಜರ್ ಕೂಡ.

ಹುಬ್ಬಳ್ಳಿಯ ಅಂಗಡಿಯವನಿಗೆ ಫೋನ್ ಮಾಡಿದೆ. ನಾನು ಬಾಯಿ ತೆಗೆಯುವ ಮೊದಲೇ ಅವನ ಉತ್ತರ ತಯಾರಿತ್ತು. "ಕೇಬಲ್ ಬದಲಿ ಮಾಡ್ರಿ ಸರ್." ಮಾಡಿದೆ. ಜೀಂ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್‌ನಲ್ಲಿರುವ ಅಕ್ಕನ ಮಗ, "ಮಾಮಾ, ಒಮ್ಮೆ ರೀಸ್ಟಾರ್ಟ್ ಮಾಡಿ ನೋಡ್ರಿ" ಅಂದ. ಅದೂ ಆಯಿತು. ಹೊಸದಾಗಿ ಎದ್ದ ಹುರುಪಿನಲ್ಲಿ ಇನ್ನೂ ಸ್ಪಷ್ಟವಾಗಿ ಜೀಂ. ಎಲೆಕ್ಟ್ರಿಷಿಯನ್ ಬಂದವನು ಪಿಯಾನೊ ಕಡೆ ನೋಡಲೂ ಇಲ್ಲ. ಸೀದಾ ಹಿತ್ತಲಿಗೆ ಹೋಗಿ, "ಅರ್ಥಿಂಗ್ ವೀಕ್ ಐತ್ರಿ, ಬ್ಯಾಸಿಗ್ಯಾಗ ಮಣ್ಣು ಒಣಗಿರ್ತೈತಿ" ಅಂದು, ಉಪ್ಪು-ಇದ್ದಲಿ ತುಂಬಿದ ಆ ಗುಂಡಿಗೆ ಒಂದು ಕೊಡ ನೀರು ಸುರಿದ. ನಳ ಬರದ ದಿನ! ನನ್ನ ಹೆಂಡತಿಯ ಮುಖ ನೋಡಬೇಕಿತ್ತು. ಅರ್ಥಿಂಗ್ ಪಿನ್ನೇ ಇಲ್ಲದ ಎರಡು ಪಿನ್ನಿನ ಚಾರ್ಜರ್‌ಗೂ ಆ ಗುಂಡಿಗೂ ಯಾವ ಸಂಬಂಧವೂ ಇಲ್ಲ ಅಂತ ನಾನು ಹೇಳುವಷ್ಟರಲ್ಲಿ ಕೊಡ ಖಾಲಿ.

ಇವರನ್ನೆಲ್ಲ ಹೇಗೋ ಸಹಿಸಬಹುದು. ಮಗ್ಗಲ ಮನೆಯ ಕಾಕಾನ ಕಥೆಯೇ ಬೇರೆ.

ಕಾಕಾ ಮಲ್ಲಿಕಾರ್ಜುನ ಮನ್ಸೂರರನ್ನು ಮುಂದಿನ ಸಾಲಿನಲ್ಲಿ ಕೂತು ಕೇಳಿದವರು. ಕಿರಾಣಾ ಘರಾಣೆಯ, ಅಂದರೆ ಆ ಹೆಸರಿನ ಗಾಯನ ಪರಂಪರೆಯ, ಗಂಗೂಬಾಯಿ ಹಾನಗಲ್ಲರ ಕಛೇರಿ ಅಂದರೆ ರಾತ್ರಿ ಊಟ ಬಿಟ್ಟು ಹುಬ್ಬಳ್ಳಿಗೆ ಬಸ್ಸು ಹತ್ತಿದವರು. ಧಾರವಾಡದಲ್ಲಿ ಇಂಥವರು ಓಣಿಗೊಬ್ಬರು ಇರುತ್ತಾರೆ, ನಮ್ಮ ಓಣಿಯ ಪಾಲಿಗೆ ಇವರು. ಸಂಜೆ ಚಹಾ ಹೊತ್ತಿಗೆ ಸರಿಯಾಗಿ ಬಂದು ಕುರ್ಚಿ ಎಳೆದುಕೊಂಡು ಕೂತರು. ನಾನು ನೆಲದ ಮೇಲೆ ಬೋರಲು ಬಿದ್ದು ವೈರ್ ತಡಕಾಡುತ್ತಿದ್ದೆ. ಕಾಕಾ ಕಣ್ಣು ಮುಚ್ಚಿ, ಕೈ ಎತ್ತಿ, "ತಡೀ ತಮ್ಮಾ, ಮುಟ್ಟಬ್ಯಾಡ" ಅಂದರು.

ತಡೆದೆ.

"ಬಿಳಿ ಐದು" ಅಂದರು. ಹಾರ್ಮೋನಿಯಂನವರ ಲೆಕ್ಕ, 'ಸಿ'ಯಿಂದ ಎಣಿಸಿದರೆ ಐದನೇ ಬಿಳಿ ಕೀಯ ಸ್ವರ. ಸ್ವಲ್ಪ ಹೊತ್ತು ಕೇಳಿ, "ಆದ್ರ ಚೂರು ಏರೇದ."

ಸಿಟ್ಟಿನ ನಡುವೆಯೂ ನಾನು ಟ್ಯೂನರ್ ಆ್ಯಪ್ ತೆಗೆದು ನೋಡಿದೆ. ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುತ್ತದೆ. ಚಾರ್ಜರ್ ಒಳಗೆ ಹೋದಾಗ ಅದು 100ರ ಮಿಡಿತವಾಗುತ್ತದೆ. ಪಿಯಾನೊದ ಕೆಳಗಿನ 'ಜಿ' ಅಂದರೆ ಬಿಳಿ ಐದು, ಸೆಕೆಂಡಿಗೆ 98 ಮಿಡಿತ. ಆ್ಯಪ್ ತೋರಿಸಿದ್ದೂ ಅದೇ. ಜಿ, ಚೂರು ಏರಿದೆ! ಕಾಕಾ ಆ್ಯಪ್ ಕಡೆ ತಿರುಗಿಯೂ ನೋಡಲಿಲ್ಲ. ತೊಡೆಯ ಮೇಲೆ ತಾಳ ಹಾಕುತ್ತ ಆ ಜೀಂಗೇ ಸಾ ಹಚ್ಚಿ ಆಲಾಪ ಶುರು ಮಾಡಿಬಿಟ್ಟರು.

ಆಮೇಲೆ ಅದು ದಿನಾ ನಡೆಯಿತು. ಮಗಳು ಕೀ ಒತ್ತಿದರೆ "ತಂಗಿ, ಒಂದ್ ನಿಮಿಷ" ಅನ್ನುವುದು, ಕಣ್ಣು ಮುಚ್ಚುವುದು. ತಂಬೂರಿ ಮೀಟುವವರಿಗೆ ಸಂಬಳ ಕೊಡಬೇಕು, ಇದು ಪುಕ್ಕಟೆ ಅಂತ ಅವರ ವಾದ. ಒಂದು ಸಂಜೆ ಕರೆಂಟು ಹೋಗಿ ಇನ್ವರ್ಟರ್ ಹತ್ತಿತು. ನಮ್ಮದು ಅಗ್ಗದ ಇನ್ವರ್ಟರ್, ಅದರ ಕರೆಂಟು ನುಣುಪಾಗಿರುವುದಿಲ್ಲ. ಜೀಂ ಇದ್ದದ್ದು ಝರ್ರ್ ಆಯಿತು. ಕಾಕಾ ಥಟ್ಟನೆ ಕಣ್ಣು ಬಿಟ್ಟರು. "ಘರಾಣಾ ಬದಲಾತು! ಇದು ಕಿರಾಣಾ ಅಲ್ಲಪಾ, ಕಿರಿಕಿರಿ ಘರಾಣಾ." ಅಂದು, ಚಹಾ ಕೂಡ ಕುಡಿಯದೆ ಎದ್ದು ಹೋದರು.

ಹೋಗುವಾಗ ಬಾಗಿಲಲ್ಲಿ ನಿಂತು ಒಂದು ಮಾತು ಅಂದರು. "ನಿಮ್ಮಪ್ಪನ ಪೇಟಿಗೆ ಕರೆಂಟೇ ಬೇಕಿದ್ದಿಲ್ಲ ನೋಡು."

ಅಪ್ಪನ ಪೇಟಿ ಅಟ್ಟದ ಮೇಲಿದೆ. ಆಕಾಶವಾಣಿ 1940ರಿಂದ 1971ರ ತನಕ ಹಾರ್ಮೋನಿಯಂಗೆ ಬಾಗಿಲು ಹಾಕಿತ್ತಲ್ಲ, ಆ ಸಿಟ್ಟು ಅಪ್ಪನಿಗೆ ಕೊನೆವರೆಗೂ ಇತ್ತು, ತನ್ನನ್ನೇ ಹೊರಗೆ ಹಾಕಿದ ಹಾಗೆ. ನಿಜ ಹೇಳಬೇಕೆಂದರೆ ಆ ಪೇಟಿಗೂ ಒಂದು ಸ್ವರ ಬಿಡದೆ ಕೂಗುವ ಚಟವಿತ್ತು. ತಿದಿ ಒತ್ತಿದರೆ ಸಾಕು, ಯಾರೂ ಮುಟ್ಟದ ಧೈವತ ತಾನಾಗಿಯೇ ಹಾಡುತ್ತಿತ್ತು. ಅಪ್ಪ ಯಾವ ಅಂಗಡಿಗೂ ಫೋನ್ ಮಾಡಲಿಲ್ಲ. ಪೋಸ್ಟ್‌ಕಾರ್ಡಿನ ಒಂದು ತುಂಡು ಹರಿದು ಒಳಗೆ ಸಿಕ್ಕಿಸಿದ. ಅತ್ತೆಯ ಅಕ್ಷರದ "ಎಲ್ಲರೂ ಕ್ಷೇಮ" ಅಷ್ಟೇ ಕಾಣುವ ತುಂಡು.

ನನ್ನ ಜೀಂಗೆ ಪೋಸ್ಟ್‌ಕಾರ್ಡು ಸಾಲಲಿಲ್ಲ. ಚಾರ್ಜರ್ ಕಿತ್ತರೆ ಸದ್ದು ಮಾಯ. ಚಾರ್ಜರ್ ಇಟ್ಟು ಯುಎಸ್‌ಬಿ ಕಿತ್ತರೆ ಆಗಲೂ ಮಾಯ. ಆಡಿಯೊ ವೈರ್ ಕಿತ್ತರೆ ಕೇಳುವುದೇ ಬೇಡ. ಒಂದೊಂದಾಗಿ ವಿಚಾರಿಸಿದರೆ ಎಲ್ಲರೂ ನಿರಪರಾಧಿಗಳು! ಆಗಿದ್ದೇನೆಂದರೆ, ಎರಡೂ ವೈರ್‌ಗಳಲ್ಲಿ ಕರೆಂಟು ಮರಳುವ ದಾರಿಯಾಗಿ ಒಂದೊಂದು ಗ್ರೌಂಡ್ ತಂತಿ ಇದೆ. ಎರಡೂ ಅದೇ ಟ್ಯಾಬ್ ಮತ್ತು ಅದೇ ಪಿಯಾನೊ ನಡುವೆ ಇರುವುದರಿಂದ ಒಂದು ಸುತ್ತು ಪೂರ್ತಿಯಾಗುತ್ತದೆ. ಚಾರ್ಜರ್‌ನಿಂದ ಸೋರುವ ಚಿಟಿಕೆ ಕರೆಂಟು, ಚಾರ್ಜಿಗಿಟ್ಟ ಟ್ಯಾಬ್‌ನ ಬೆನ್ನು ಸವರಿದರೆ ಜುಂ ಅನ್ನುತ್ತಲ್ಲ, ಅದೇ, ಈ ಸುತ್ತಿನಲ್ಲಿ ಗಸ್ತು ತಿರುಗುತ್ತದೆ. ಟ್ಯಾಬ್‌ನ ಒಳಗಿನ ಗಡಿಬಿಡಿಯೂ ಜೊತೆಗೆ ಸೇರುತ್ತದೆ. ಆಡಿಯೊ ವೈರಿನಲ್ಲಿ ಬಂದದ್ದೆಲ್ಲ ಸಂಗೀತ ಅಂದುಕೊಂಡು ಪಿಯಾನೊ ಅದನ್ನೂ ದೊಡ್ಡದು ಮಾಡಿ ಕೇಳಿಸುತ್ತದೆ. ಸದ್ದೇ ಹೊರದ ಯುಎಸ್‌ಬಿ ವೈರ್ ಸದ್ದು ತಂದ ಬಗೆ ಇದು.

ಬ್ಲೂಟೂತ್‌ನಲ್ಲಿ ಆಡಿಯೊ ಕಳಿಸಿ ನೋಡಿದೆ. ಗದ್ದಲ ಹೋಯಿತು. ಆದರೆ ತಾಳ ತಡವಾಗಿ ಬಂತು. ಟ್ಯಾಬ್‌ನ ಪರದೆಯಲ್ಲಿ ಸ್ವರ ದಾಟಿ ಹೋದ ಮೇಲೆ ಸ್ಪೀಕರಿನಲ್ಲಿ ಅದರ ಪೆಟ್ಟು. ಮಗಳು ಕೇಳಿದ ತಾಳಕ್ಕೆ ಸರಿಯಾಗಿ ನುಡಿಸಿದರೂ ಆ್ಯಪ್ ಕೆಂಪು ಗುರುತು ಹಾಕಿತು. ಅವಳು ಅತ್ತಳು, ಆ ಪ್ರಯೋಗ ಅಲ್ಲಿಗೇ ಮುಗಿಯಿತು.

ಕೊನೆಗೆ ತರಿಸಿದ್ದು ಗ್ರೌಂಡ್ ಲೂಪ್ ಐಸೊಲೇಟರ್. ಬೆಂಕಿಪೆಟ್ಟಿಗೆಗಿಂತ ಚೂರು ದೊಡ್ಡದು, ಕೆಲವೇ ನೂರು ರೂಪಾಯಿ. ಒಳಗೆ ಎರಡು ಪುಟಾಣಿ ಟ್ರಾನ್ಸ್‌ಫಾರ್ಮರ್. ಸಂಗೀತ ಕಾಂತಕ್ಷೇತ್ರದ ಮೂಲಕ ಆಚೆ ದಾಟುತ್ತದೆ, ನಡುವೆ ತಂತಿಯೇ ಇಲ್ಲ, ಹಾಗಾಗಿ ಸುತ್ತು ಕಡಿಯುತ್ತದೆ. ಆಡಿಯೊ ವೈರಿನ ನಡುವೆ ಸಿಕ್ಕಿಸಿದ ಕೂಡಲೇ ಜೀಂ ನಿಂತಿತು. ಅವ್ವ ಒಳಗಿನಿಂದ, "ಕರೆಂಟ್ ಹೋತೇನು?" ಅಂದಳು.

ಸಂಜೆ ಕಾಕಾ ಬಂದರು. ಕೂತರು. ಕಣ್ಣು ಮುಚ್ಚಿದರು. ತಂಬೂರಿ ಇಲ್ಲ. ಸ್ವಲ್ಪ ನಿರಾಸೆ ಮುಖದಲ್ಲಿ ಕಂಡಿತು, ಆದರೂ ಮಗಳು ಪಾಠ ಹಚ್ಚಿದಾಗ ಪೂರ್ತಿ ಕೇಳಿದರು. ಕೇಳಿ, ಕಪ್ಪು ಕೆಳಗಿಟ್ಟು, "ಎಲ್ಲಾ ಸರಿ ತಮ್ಮಾ. ಖರಜ ಎಲ್ಲಿ ಹೋತು?" ಅಂದರು.

ಹೌದು, ಅಗ್ಗದ ಐಸೊಲೇಟರ್‌ಗಳು ಖರಜವನ್ನು, ಅಂದರೆ ಕೆಳಗಿನ ಸ್ವರಗಳನ್ನು, ಸ್ವಲ್ಪ ನುಂಗುತ್ತವೆ. ಇಷ್ಟು ದಿನ ಜೀಂ ಅನ್ನುವಾಗ ತಲೆದೂಗಿದ ಮನುಷ್ಯನಿಗೆ ಈಗ ಖರಜ ಬೇಕಂತೆ! ನನಗೂ ಒಮ್ಮೆ ಕೇಳಿದ ಮೇಲೆ ಅದು ಕಿವಿ ಬಿಡಲಿಲ್ಲ. ಇವತ್ತು ಬೆಳಿಗ್ಗೆ ತಡೆಯಲಾರದೆ ಹುಬ್ಬಳ್ಳಿಯ ಅಂಗಡಿಗೆ ಫೋನ್ ಹಚ್ಚಿದೆ. ಪಾಪ, ಪೂರ್ತಿ ಕೇಳಿಸಿಕೊಂಡ.

"ಹಂಗಿದ್ರ ಕೇಬಲ್ ಬದಲಿ ಮಾಡ್ರಿ ಸರ್" ಅಂದ.